ಸಿದ್ರಾಮಪ್ಪ ಭಾವನವರ ಕೆಂಪು ಗಾಡಿ

ಗಾಡಿಯ ಹತ್ತಿರ ಹೋಗುವ ಮುನ್ನ ನಮ್ಮ ಭಾವನವರು ಬೆರಳಿನ ಉಂಗುರ ತೆಗೆದು ಗೋಡೆಯ ಗೂಡಿನಲ್ಲಿಡುತ್ತಿದ್ದರು. ಆಮೇಲೆ ಕೈಗಡಿಯಾರ. ಆಮೇಲೆ ಕೋಟು, ಅದರ ಹಿತ್ತಾಳೆ ಗುಂಡಿಗಳ ಸಲುವಾಗಿ. ಕೊನೆಗೆ ಕೊರಳಲ್ಲಿ ತೂಗುತ್ತಿದ್ದ ಲಿಂಗದ ಬೆಳ್ಳಿ ಕರಡಿಗೆಯನ್ನು ಎದೆಯಿಂದ ಸರಿಸಿ ಬೆನ್ನಿಗೆ ಹಾಕಿಕೊಂಡು, ಮೆತ್ತಗಿನ ಹಳೆಯ ಧೋತರದ ತುಂಡು ಹಿಡಿದು, ಬರಿಗಾಲಲ್ಲಿ ಒಳಗೆ ಹೋಗುತ್ತಿದ್ದರು. ಬಗ್ಗಿದಾಗ ಕರಡಿಗೆ ಬಣ್ಣಕ್ಕೆ ತಾಗಿ ಗೀರು ಬಿದ್ದೀತು ಎಂಬ ಭಯ ಅವರಿಗೆ.

ನಮ್ಮ ಅತ್ತೆಗೆ ಇದನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. "ನೋಡ್ರವ್ವಾ ನನ್ನ ಮಗನ್ನ! ಎದಿ ಮ್ಯಾಲಿನ ದೇವರನ್ನ ಬೆನ್ನಿಗಿ ಹಾಕ್ಯಾನ, ಒಂದ ಗಾಡಿ ಸಲುವಾಗಿ!"

"ದೇವರು ತಾಳ್ಕೋತಾನ ಅವ್ವಾ," ಎನ್ನುತ್ತಿದ್ದರು ಭಾವನವರು, ತಲೆ ಎತ್ತದೆ. "ಬಣ್ಣ ತಾಳ್ಕೊಳ್ಳಂಗಿಲ್ಲ."

ಸಿದ್ರಾಮಪ್ಪ ನನ್ನ ಗಂಡನ ಅಣ್ಣ. ನಾನು ಅಕ್ಕಲಕೋಟದ ಹುಡುಗಿ. ಮದುವೆಯಾಗಿ ಸೊಲ್ಲಾಪುರದ ಶುಕ್ರವಾರ ಪೇಟೆಯ ಅವರ ವಾಡೆಗೆ ಬಂದದ್ದು ಸ್ವಾತಂತ್ರ್ಯ ಬಂದು ನಾಲ್ಕೈದು ವರ್ಷ ಕಳೆದ ಮೇಲೆ. ದೊಡ್ಡ ಮನೆ, ತುಂಬಿದ ಸಂಸಾರ, ನೂಲಿನ ವ್ಯಾಪಾರದ ಪೇಢಿ. ಬೆಳಗ್ಗೆ ಮಿಲ್ಲಿನ ಭೋಂಗಾ ಕೂಗಿದರೆ ನಮ್ಮ ಅಡುಗೆಮನೆಯ ಒಲೆ ಹೊತ್ತುತ್ತಿತ್ತು. ಆ ಕಾಲದಲ್ಲಿ, ಅಂಥ ಮನೆಯಲ್ಲಿ, ತಮ್ಮನ ಹೆಂಡತಿಯಾದವಳು ಭಾವನ ಎದುರಿಗೆ ನಿಲ್ಲುವಂತಿರಲಿಲ್ಲ, ಅವರೊಂದಿಗೆ ಮಾತಾಡುವಂತೆಯೂ ಇರಲಿಲ್ಲ. ಅವರು ಒಳಗೆ ಬರುವ ಮುಂಚೆ ಒಂದು ಸಲ ಕೆಮ್ಮುತ್ತಿದ್ದರು. ನಾನು ಸೆರಗು ಹಣೆಯವರೆಗೆ ಎಳೆದುಕೊಂಡು ಬಾಗಿಲ ಮರೆಗೆ ಸರಿಯುತ್ತಿದ್ದೆ. ಅಡುಗೆಮನೆಯಲ್ಲಿ ನಾನೊಬ್ಬಳೇ ಇದ್ದರೆ, ಪಡಸಾಲೆಯ ಕಂಬವನ್ನು ನೋಡುತ್ತ, "ಒಂದ ಕಪ್ ಚಾ ಸಿಕ್ಕಿದ್ರ ಬರೋಬ್ಬರಿ ಆಗತಿತ್ತು," ಎನ್ನುತ್ತಿದ್ದರು. ನಾನು ಚಹಾ ಮಾಡಿ ಆ ಕಂಬದ ಬುಡದಲ್ಲೇ ಇಟ್ಟು ಬರುತ್ತಿದ್ದೆ. ನಮ್ಮಿಬ್ಬರ ನಡುವಿನ ವ್ಯವಹಾರವೆಲ್ಲ ಆ ಕಂಬದ ಮೂಲಕವೇ ನಡೆಯಿತು, ಬಹಳ ದಿನ.

ಅವರು ದನಿ ಎತ್ತರಿಸಿದ್ದನ್ನು ನಾನು ಕೇಳಿರಲಿಲ್ಲ. ಮಾವನವರು ಬದುಕಿದ್ದಷ್ಟು ಕಾಲ ಪೇಢಿಯಲ್ಲಿ, ಮನೆಯಲ್ಲಿ ಎಲ್ಲ ಅವರದೇ ಮಾತು. ಮಗನ ಅಂಗಿಯ ಬಟ್ಟೆಯನ್ನೂ ಅಪ್ಪನೇ ಆರಿಸುತ್ತಿದ್ದರಂತೆ. ಮಗ ನಲವತ್ತರ ಹತ್ತಿರ ಬಂದರೂ ತನಗಿದು ಬೇಕು ಎಂದು ಕೇಳಿದವನಲ್ಲ. ಮಾವನವರು ತೀರಿಕೊಂಡ ಮರುವರ್ಷ ಪೇಢಿಯ ಕೆಲಸಕ್ಕೆಂದು ಮುಂಬಯಿಗೆ ಹೋದವರು, ಅಲ್ಲಿಂದ ಬಂದ ದಿನ ಊಟಕ್ಕೆ ಕೂತಾಗ ನಮ್ಮವರ ಮುಂದೆ ಒಂದು ಮಾತು ಹೇಳಿದರು. ನಾನು ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿ ಕೇಳಿದೆ.

"ಅಂಗಡಿ ಕಾಚಿನ ಹಿಂದ ಒಂದ ಮೋಟಾರ ಗಾಡಿ ನಿಂತಿತ್ತಪಾ. ವಿಲಾಯತಿದು. ನೆಲಕ್ಕ ಹತ್ತಿಧಂಗ ಗಿಡ್ಡಂದು, ಮ್ಯಾಲ ಛತ್ತಿಲ್ಲ, ಇಬ್ಬರ ಕೂಡೂದು. ಓಟದ ಗಾಡಿ ಅಂತಾರ ಅದಕ್ಕ. ನಾ ಒಳಗ ಹೋಗಿ ಬಗ್ಗಿ ನೋಡಿದೆ. ಅದರ ಬಣ್ಣದಾಗ ಯಾವನೋ ಒಬ್ಬಾವ ನಗಾಕತ್ತಿದ್ದ. ಯಾರಿಂವಾ ಅಂತ ನೋಡತೀನಿ, ನಾನ!"

ನಮ್ಮವರು ನಕ್ಕರು. ಭಾವನವರು ನಗಲಿಲ್ಲ. "ಆರ್ಡರ್ ಕೊಟ್ಟ ಬಂದೀನಿ," ಎಂದರು.

ಅತ್ತೆ ಬಡಿಸುತ್ತಿದ್ದ ಸೌಟು ಪಾತ್ರೆಗೆ ಬಿತ್ತು. "ಇಬ್ಬರ ಕೂಡೂ ಗಾಡಿ ತಗೊಂಡು ಇಷ್ಟ ಮಂದಿ ಇರೂ ಮನ್ಯಾಗ ಏನ ಮಾಡ್ತೀಯೋ ಸಿದ್ರಾಮಾ? ಉಳದವರು ಹಿಂದ ಓಡೂದೇನು?"

ಭಾವನವರು ಆರ್ಡರನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಜೀವನದಲ್ಲಿ ಅದೊಂದೇ ಸಲ ಅವರು ತಾಯಿಯ ಮಾತು ಮೀರಿದ್ದು ಎಂದು ಅವರ ಹೆಂಡತಿ ಗಂಗಕ್ಕ ನನಗೆ ಆಮೇಲೆ ಹೇಳಿದಳು.

ಕೆಲವು ದಿನಕ್ಕೆ ಮುಂಬಯಿಯಿಂದ ಬಣ್ಣಗಳ ಪಟ್ಟಿ ಬಂತು. ದಪ್ಪ ಕಾಗದದ ಮೇಲೆ ಉಗುರಿನಗಲದ ಚೌಕಗಳು. ಯಾವ ಬಣ್ಣ ಬೇಕೆಂದು ತಿಳಿಸಬೇಕಿತ್ತು. ಅವರು ಅದನ್ನು ಒಳಗೆ ಹೆಂಗಸರ ಹತ್ತಿರ ಕಳಿಸಿದರು. ಸೀರೆ ಕೊಳ್ಳುವವರಿಗೆ ಬಣ್ಣ ತಿಳಿಯುತ್ತದೆ ಎಂಬುದು ಅವರ ಲೆಕ್ಕ. ಕರಿ ಬಣ್ಣ ಅಪಶಕುನ ಎಂದರು ಅತ್ತೆ. ಬಿಳಿ ಬಣ್ಣ ನಮ್ಮ ಊರ ಧೂಳಿಗೆ ಒಂದು ದಿನವೂ ಬಾಳದು ಎಂದಳು ಗಂಗಕ್ಕ. ಹಸಿರಿನ ಬಗ್ಗೆ ಇಬ್ಬರೂ ವಾದಿಸಿದರು. ಆಗ ಹೊರಗಿನಿಂದ ಕಂಬಕ್ಕೆ ಹೇಳುವ ದನಿ ಬಂತು: "ಹೊಸಾ ತಂಗಿ ಏನಂತಾಳ ಕೇಳ್ರಿ."

ನಾನು ಉಟ್ಟಿದ್ದು ಮದುವೆಯ ಇಳಕಲ್ಲ ಸೀರೆ. ಅದರ ಸೆರಗಿನ ಕೆಂಪಿನಂಥದ್ದೇ ಒಂದು ಚೌಕ ಆ ಪಟ್ಟಿಯಲ್ಲಿತ್ತು. ನಾಚಿಕೊಂಡು ಅದರ ಮೇಲೆ ಬೆರಳಿಟ್ಟೆ. ಗಂಗಕ್ಕ ಪಟ್ಟಿಯನ್ನು ನನ್ನ ಸೆರಗಿನ ಪಕ್ಕ ಹಿಡಿದು ನೋಡಿ, "ದಾಳಿಂಬ್ರಿ ಕಾಳಿನಂಗ ಅದ," ಎಂದಳು. ಅದೇ ನಿಶ್ಚಯವಾಯಿತು. ಆ ಮನೆಗೆ ಬಂದ ಮೇಲೆ ನನ್ನ ಮಾತು ನಡೆದದ್ದು ಅದೇ ಮೊದಲು.

ಗಾಡಿ ಹಡಗಿನಲ್ಲಿ ಬರಬೇಕು. ಎಷ್ಟೋ ತಿಂಗಳು ಕಾಯುವ ಕೆಲಸ. ಭಾವನವರು ಸುಮ್ಮನೆ ಕೂಡಲಿಲ್ಲ. ದನ ಕಟ್ಟುವ ಕೊಟ್ಟಿಗೆಯನ್ನು ತೆರವು ಮಾಡಿಸಿ ಶಹಾಬಾದ್ ಕಲ್ಲು ಹಾಸಿಸಿದರು. ಗೋಡೆಗೆ ಸುಣ್ಣ ಬಳಿಸಿ, ಒಳಗೆ ಮೊಳೆ ಅನ್ನುವ ಮೊಳೆಯನ್ನೆಲ್ಲ ಕೀಳಿಸಿದರು. ಅಂಗಳದ ಬೇವಿನ ಮರ ಅವರ ದೊಡ್ಡ ಚಿಂತೆ. ಅಂಟು ಸುರಿಸುತ್ತದೆ, ಅದರ ಮೇಲೆ ಕಾಗೆ ಕೂಡುತ್ತವೆ. ಕಡಿಸಬೇಕೆಂದರೆ, "ನಿಮ್ಮಪ್ಪ ಹಚ್ಚಿದ ಗಿಡ," ಎಂದು ಅತ್ತೆ ಮರದ ಬುಡದಲ್ಲೇ ಹೋಗಿ ಕೂತರು. ಮರ ಉಳಿಯಿತು. ಅದರ ಕೆಳಗೆ ಜೋಳದ ಚೀಲ ಹೊಲಿಸಿ ಒಂದು ಚಪ್ಪರ ಕಟ್ಟಿಸಿದರು.

ಗಾಡಿಗೆ ಹೊದಿಸುವ ಗವಸಣಿಕೆಯದು ಇನ್ನೊಂದು ಕತೆ. ಹೊರಗೆ ದಪ್ಪ ಬಟ್ಟೆ, ಒಳಗೆ ಮೆತ್ತನ್ನ ಫಲಾನೀನು. ಹೊಲಿಯುವ ಶಿಂಪಿ, "ಗಾಡಿ ಎಲ್ಲಿ ಅದರಿ ಸಾವಕಾರ್ರ? ಅಳತಿ ಯಾತರದು ತಗೊಳ್ಳಿ?" ಎಂದ. ಭಾವನವರು ಪೇಢಿಯಿಂದ ನೂಲಿನ ಗಂಟುಗಳನ್ನು ತರಿಸಿ ಅಂಗಳದಲ್ಲಿ ಗಾಡಿಯ ಉದ್ದಗಲಕ್ಕೆ ಜೋಡಿಸಿದರು. ಮುಂದೆ ತಗ್ಗು, ನಡುವೆ ಕೂಡುವ ಜಾಗ, ಹಿಂದೆ ದುಂಡಗೆ. ಶಿಂಪಿ ಅಳತೆ ತೆಗೆದುಕೊಂಡು ಹೋದ ಮೇಲೂ ಗಂಟುಗಳು ಅಲ್ಲೇ ಇದ್ದವು. ಸಂಜೆ ನಾನು ಮಾಳಿಗೆಯ ಕಿಟಕಿಯಿಂದ ನೋಡಿದರೆ, ಭಾವನವರು ಆ ಗಂಟುಗಳ ನಡುವೆ ಕೂತು, ಎರಡೂ ಕೈ ಮುಂದೆ ಚಾಚಿ, ಇಲ್ಲದ ಚಕ್ರವನ್ನು ಮೆಲ್ಲಗೆ ತಿರುಗಿಸುತ್ತಿದ್ದರು. ನಾನು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ. ಆಮೇಲೆ ಯಾಕೋ ನಗು ನಿಂತಿತು. ಅಷ್ಟು ಸುಖದ ಮುಖವನ್ನು ನಾನು ಆ ಮನೆಯಲ್ಲಿ ಕಂಡಿರಲಿಲ್ಲ.

ಗಾಡಿಯನ್ನು ಮುಂಬಯಿಯಿಂದ ರಸ್ತೆಯ ಮೇಲೆ ತರಿಸಲು ಅವರಿಗೆ ಮನಸ್ಸಾಗಲಿಲ್ಲ. ರೈಲಿನಲ್ಲೇ ತರಿಸಿದರು. ಸ್ಟೇಷನ್ನಿನಿಂದ ಮನೆಯವರೆಗೆ ಹೆಜ್ಜೆಯ ವೇಗದಲ್ಲಿ ನಡೆಸಿಕೊಂಡು ಬಂದರು. ಗುರುತಿನವನೊಬ್ಬ ಟಾಂಗಾವಾಲಾ ಮುಂದೆ ಮುಂದೆ ದಾರಿ ಬಿಡಿಸುತ್ತ ಬಂದ. ಹಿಂದೆ ಅರ್ಧ ಪೇಟೆಯೇ ಬಂತು. ಅದು ವಾಡೆಯ ಬಾಗಿಲಲ್ಲಿ ನಿಂತಾಗ ನಿಜವಾಗಿಯೂ ಒಡೆದ ದಾಳಿಂಬೆಯ ಹಾಗೇ ಇತ್ತು. ನಾನು ಬೆರಳಿಟ್ಟ ಬಣ್ಣ ಅಷ್ಟು ದೊಡ್ಡದಾಗಿ, ಅಷ್ಟು ಹೊಳೆಯುತ್ತ ಬಂದು ನಿಂತಿದ್ದನ್ನು ಬಾಗಿಲ ಮರೆಯಿಂದ ಕತ್ತು ಚಾಚಿ ನೋಡಿದೆ.

ಅತ್ತೆ ಆರತಿ ತಂದರು. ಕಾಯಿ ಒಡೆಸಿದರು. ಆಮೇಲೆ ವಿಭೂತಿಯ ಗಟ್ಟಿಯನ್ನು ನೀರಲ್ಲಿ ತೇಯ್ದು ಮೂರು ಬೆರಳಿಗೆ ಹಚ್ಚಿಕೊಂಡರು. ಭಾವನವರ ಮುಖ ಸಣ್ಣದಾಯಿತು.

"ಅವ್ವಾ, ಮುಂದಿನ ಕಾಚಿಗಿ ಹಚ್ಚು. ಬಣ್ಣಕ್ಕ ಬ್ಯಾಡ."

"ಯಾಕ?"

"ಅದರಾಗ ಉಸುಕಿನ ಕಣ ಇರ್ತಾವವ್ವಾ. ಗೀರ ಬೀಳ್ತಾವ."

"ದೇವರಿಗಿ ಅಂಜೂದು ಬಿಟ್ಟು ಬಣ್ಣಕ್ಕ ಅಂಜತಿ?" ಎಂದು ಅತ್ತೆ ಮುಂಭಾಗದ ಮೇಲೆ ಈ ತುದಿಯಿಂದ ಆ ತುದಿಗೆ ಮೂರು ಬೆರಳು ಒತ್ತಿ ಎಳೆದರು. ಭಾವನವರು ಕಣ್ಣು ಮುಚ್ಚಿಕೊಂಡರು. ಪೇಟೆಯ ಜನ ಅದನ್ನು ಭಕ್ತಿ ಎಂದುಕೊಂಡರು.

ಅಂದಿನಿಂದ ಅವರ ದಿನಚರಿಯೇ ಬದಲಾಯಿತು. ಬೆಳಗ್ಗೆ ಲಿಂಗಪೂಜೆ ಮುಗಿಸಿ ನೇರ ಕೊಟ್ಟಿಗೆಗೆ. ಮೊದಲು ನವಿಲುಗರಿಯ ಚವರಿಯಿಂದ ಧೂಳು ಜಾಡಿಸುವುದು. ಆಮೇಲೆ ತಣ್ಣೀರು, ಮೇಲಿನಿಂದ ಕೆಳಗೆ. ಆಮೇಲೆ ಒರೆಸುವುದು. ತಿಂಗಳಿಗೊಮ್ಮೆ ಡಬ್ಬಿಯ ಮೇಣ ಹಚ್ಚಿ ತಿಕ್ಕುವುದು. ಮುಂಬಯಿಯವರು ಒರೆಸಲೆಂದು ಕೊಟ್ಟ ಮೆತ್ತನ್ನ ಚರ್ಮದ ತುಂಡನ್ನು ಅತ್ತೆ ಹೊಸ್ತಿಲು ದಾಟಲು ಬಿಡಲಿಲ್ಲ. ಅದಕ್ಕೇ ಹಳೆಯ ಧೋತರ. ಒರೆಸುವಾಗ ತಮ್ಮಷ್ಟಕ್ಕೆ ತಾವು ಮಾತಾಡುತ್ತಿದ್ದರು. "ಬಣ್ಣ ಅಂದ್ರ ಮೈ ಚರ್ಮ ಇದ್ಧಂಗ. ಗಾಯ ಮಾಯತದ, ಕಲಿ ಉಳೀತದ." ಯಾರಾದರೂ ಮುಟ್ಟಲು ಬಂದರೆ ಬಯ್ಯುತ್ತಿರಲಿಲ್ಲ. "ಕೈಗಿ ಕಣ್ಣಿರಂಗಿಲ್ಲಪಾ, ಕಣ್ಣೀಲೆ ನೋಡು," ಎನ್ನುತ್ತಿದ್ದರು. ಪೇಟೆಯವರು ಹಾಗೇ ಆಡಿಕೊಳ್ಳತೊಡಗಿದರು. ತರಕಾರಿ ಮಾರುವವಳು ಕೂಡ ಟೊಮೆಟೊ ಒತ್ತಿ ನೋಡುವವರಿಗೆ, "ಕೈಗಿ ಕಣ್ಣಿಲ್ಲರಿ," ಎನ್ನುವಷ್ಟು.

ಅವರು ನನ್ನೊಂದಿಗೆ ನೇರವಾಗಿ ಮೊದಲ ಮಾತಾಡಿದ್ದೂ ಆ ಗಾಡಿಯ ಸಲುವಾಗಿಯೇ. ನಾನು ನೀರಿನ ಕೊಡ ಹೊತ್ತು ಅಂಗಳ ದಾಟುವಾಗ ಗಾಡಿ ನಡುವೆ ನಿಂತಿತ್ತು. ಪಕ್ಕದಿಂದ ನುಸುಳಲು ಹೋದೆ. "ತಂಗೀ, ಬಳಿ!" ಎಂದು ಕೂಗಿದರು. ನಾನು ಬೆದರಿ ಬಳೆ ತೊಟ್ಟ ಕೈಯನ್ನು ಮೇಲೆತ್ತಿದೆ. ಕೊಡ ಬಿದ್ದು ಅಂಗಳವೆಲ್ಲ ನೀರಾಯಿತು. ಅವರು ನನ್ನತ್ತ ನೋಡಿದ್ದರು, ನಾನು ಅವರತ್ತ ನೋಡಿದ್ದೆ. ಇಬ್ಬರೂ ಏನೋ ತಪ್ಪು ಮಾಡಿದವರಂತೆ ಬೇರೆ ಬೇರೆ ಕಡೆಗೆ ಓಡಿದೆವು. ಗಂಗಕ್ಕ ಬಿದ್ದು ಬಿದ್ದು ನಕ್ಕಳು.

ರಸ್ತೆಯ ಮೇಲೂ ಅವರದು ಅದೇ ರೀತಿ. ಎದುರಿಗೆ ಬಂಡಿ ಬಂದರೆ, ದನ ಬಂದರೆ, ಲಗ್ನದ ದಿಬ್ಬಣ ಬಂದರೆ, ಗಾಡಿಯನ್ನು ಅಂಚಿಗೆ ತಂದು ಎಂಜಿನ್ನು ಬಂದ್ ಮಾಡಿ, ಎಲ್ಲ ದಾಟಿ ಹೋಗುವವರೆಗೆ ಕೈ ಕಟ್ಟಿ ಕೂತುಬಿಡುತ್ತಿದ್ದರು. "ಓಟದ ಗಾಡಿ ಅಂತ, ನಿಲ್ಲೂದರಾಗ ಇದರ ಆಯುಷ್ಯ ಮುಗೀತು," ಎಂದು ನಮ್ಮವರು ಚೇಷ್ಟೆ ಮಾಡುತ್ತಿದ್ದರು. ಭಾವನವರು ಮುಗುಳ್ನಗುತ್ತಿದ್ದರು.

ಮರುವರ್ಷ ನಾನು ಮೊದಲ ಬಸಿರು. ಹೆರಿಗೆಗೆ ಅಕ್ಕಲಕೋಟದ ತವರಿಗೆ ಹೋದೆ. ಒಂದು ದಿನ ಭಾವನವರು ಅಲ್ಲಿಯ ನೇಕಾರರ ಬಳಿ ಕೆಲಸವಿದೆಯೆಂದು ಗಾಡಿ ತೆಗೆದುಕೊಂಡು ಬಂದರು. ಗಂಗಕ್ಕ ನನಗಾಗಿ ಶೇಂಗಾ ಹೋಳಿಗೆ ಮಾಡಿ ಕಳಿಸಿದ್ದಳು. ಅದನ್ನು ಕೊಡಲು ನಮ್ಮ ಮನೆಗೆ ಬಂದು, ಹೊರಗಿನ ಕಟ್ಟೆಯ ಮೇಲೆ ನನ್ನ ಅಪ್ಪನ ಜೊತೆ ಚಹಾ ಕುಡಿಯುತ್ತ ಕೂತಿದ್ದರು. ಒಳಗೆ ನನಗೆ ಬೆಳಗಿನಿಂದ ನೋವು. ದಿನ ತುಂಬಲು ಇನ್ನೂ ಸಮಯವಿತ್ತು. ಸೂಲಗಿತ್ತಿ ಹೊಟ್ಟೆಯ ಮೇಲೆ ಕೈಯಾಡಿಸಿ ನೋಡಿದಳು, ಮತ್ತೆ ನೋಡಿದಳು. ಅವಳ ಕೈ ನಿಂತಿತು.

"ಕೂಸು ಅಡ್ಡ ಆಗ್ಯಾದವ್ವಾ," ಎಂದು ನನ್ನ ತಾಯಿಗೆ ಹೇಳಿದಳು. "ಇದು ನನ್ನ ಕೈಯಿಂದ ಆಗಂಗಿಲ್ಲ. ಸೊಲ್ಲಾಪುರದ ದವಾಖಾನಿಗಿ ಒಯ್ರಿ. ಈಗ ಒಯ್ರಿ."

ಬಸ್ಸು ಹೋಗಿಬಿಟ್ಟಿತ್ತು. ಇನ್ನೊಂದು ಸಂಜೆಗೆ. ರೈಲು ಸ್ಟೇಷನ್ನು ಊರಿನಿಂದ ದೂರ, ರೈಲು ಬರುವ ಹೊತ್ತೂ ಅಲ್ಲ. ಅಪ್ಪ ಬಾಗಿಲಲ್ಲಿ ನಿಂತು ಭಾವನವರ ಕಡೆ ನೋಡಿದರು. ಭಾವನವರು ಕಪ್ಪು ಕೆಳಗಿಟ್ಟು ಎದ್ದರು.

ಅದು ಇಬ್ಬರೇ ಕೂಡುವ ಗಾಡಿ. ಅವ್ವ ಹೇಗಾದರೂ ಮಾಡಿ ಸೇರಿಕೊಳ್ಳಲು ನೋಡಿದಳು, ಆಗಲಿಲ್ಲ. ನನ್ನನ್ನು ಅರ್ಧ ಮಲಗಿಸಿದಂತೆ ಕೂಡಿಸಬೇಕಿತ್ತು. ಕೌದಿ ಮಡಚಿ ಕೆಳಗೆ ಹಾಕಿದರು. ಅವ್ವ ಗಾಡಿಯ ಪಕ್ಕದಲ್ಲೇ ಓಡುತ್ತ ಬಂದು, "ಅಂಜಬ್ಯಾಡ ನನ್ನವ್ವಾ, ನಾ ಸಂಜಿ ಬಸ್ಸಿಗಿ ಬರತೀನಿ," ಎನ್ನುತ್ತಿದ್ದಳು. ಅವಳ ದನಿ ಹಿಂದೆ ಬಿತ್ತು. ನಾನು, ಎಂದೂ ಎದುರಿಗೆ ನಿಂತು ಮಾತಾಡದ ಭಾವನ ಪಕ್ಕದಲ್ಲಿ, ಒಬ್ಬಳೇ ಕೂತಿದ್ದೆ.

ಅವರು ಓಡಿಸಿದರು. ಆ ಗಾಡಿ ಹಾಗೆ ಓಡಬಲ್ಲದು ಎಂದು ಯಾರಿಗೂ ಗೊತ್ತಿರಲಿಲ್ಲ. ಸೆರಗು ತಲೆಯ ಮೇಲೆ ನಿಲ್ಲುತ್ತಿರಲಿಲ್ಲ. ಎಳೆದುಕೊಳ್ಳಲು ಹೋದರೆ, "ಇರಲಿ ತಂಗಿ, ಸೆರಗ ಬಿಡು. ಬಾಗಲ ಗಟ್ಟಿ ಹಿಡಿ," ಎಂದರು. ಹಿಡಿದೆ. ನೋವು ಬಂದಾಗಲೆಲ್ಲ ನನ್ನ ಬಳೆಗಳು ಬಾಗಿಲ ಬಣ್ಣಕ್ಕೆ ಬಡಿಯುತ್ತಿದ್ದವು. ಅವರು ಆ ಕಡೆ ನೋಡಲಿಲ್ಲ.

ದಾರಿಯ ನಡುವಿನ ವಳಸಂಗದ ಈಚೆ ಒಂದು ತಿರುವಿನಲ್ಲಿ ಕುರಿಗಳು ಸಿಕ್ಕವು. ರಸ್ತೆಯ ತುಂಬ ಕುರಿ. ಕಣ್ಣು ಹಾಯುವವರೆಗೆ ಕರಿ ಬೆನ್ನುಗಳು, ಧೂಳು. ಎರಡೂ ಬದಿಗೆ ಜಾಲಿಯ ಕಂಟಿ. ಭಾವನವರು ಗಾಡಿಯನ್ನು ಅಂಚಿಗೆ ತಂದರು. ಎಂಜಿನ್ನು ಬಂದ್ ಮಾಡಿದರು. ಕೈ ಕಟ್ಟಿದರು.

ಅದು ಅವರ ರೂಢಿ. ಕೈ ತಾನಾಗಿ ಮಾಡಿದ್ದು. ಕುರಿಗಳು ಎರಡೂ ಕಡೆಯಿಂದ ಗಾಡಿಯನ್ನು ಉಜ್ಜುತ್ತ ಹರಿಯತೊಡಗಿದವು. ಟಗರಿನ ಕೊಂಬು ಬಾಗಿಲಿಗೆ ತಾಗಿದ ಸಪ್ಪಳ ಕೇಳಿಸಿತು. ಎಷ್ಟು ಹೊತ್ತು ಹಾಗೆ ನಿಂತಿದ್ದೆವೋ ನನಗೆ ತಿಳಿಯದು. ನೋವಿನಲ್ಲಿ ಹೊತ್ತು ಅಳತೆಗೆ ಸಿಗುವುದಿಲ್ಲ. ನಾನು ಕಿರುಚಿದ್ದು ನೆನಪಿದೆ. ಆಗ ಅವರು ಬೆಚ್ಚಿ ತಮ್ಮ ಕಟ್ಟಿದ ಕೈಗಳನ್ನೇ ನೋಡಿಕೊಂಡರು. ಅವು ಯಾರದೋ ಕೈ ಎಂಬಂತೆ.

ಎದ್ದು ನಿಂತು ಕೂಗಿದರು. "ದಾರಿ ಬಿಡ್ರಪೋ! ಹೆಣ್ಮಗಳು ಅದಾಳ, ದಾರಿ ಬಿಡ್ರಿ!" ಅವರ ದನಿಗೆ ಕೂಗುವುದು ಬರುತ್ತಿರಲಿಲ್ಲ. ಕುರಿಗಳ ಒದರಾಟದಲ್ಲಿ ಅದು ಮುಳುಗಿಹೋಯಿತು. ಹಣೆಯ ತುಂಬ ಭಂಡಾರದ ಅರಿಸಿನ ಬಳಿದುಕೊಂಡ ಮುದಿ ಕುರುಬನೊಬ್ಬ ಹತ್ತಿರ ಬಂದು ಒಳಗೆ ಬಗ್ಗಿ ನೋಡಿದ. "ಅಯ್ಯಯ್ಯ, ಬ್ಯಾನಿ ತಿನ್ನೂ ಹೆಂಗಸರಿ!" ಎಂದು ಕೋಲು ಬೀಸಿ, ಸಿಳ್ಳು ಹಾಕಿ, ನಾಯಿ ಬಿಟ್ಟು ಕುರಿ ಚದುರಿಸಲು ನೋಡಿದ. ಬೆದರಿದ ಕುರಿ ಇನ್ನಷ್ಟು ಒತ್ತಿಕೊಂಡವು. "ಇವು ಸರಿಯಂಗಿಲ್ಲರಿ ಧಣಿ. ಹಿಂಡು ಭಾಳ ದೊಡ್ಡದದ. ಈ ಬಾಜೂಕ ಬಂಡಿ ಜಾಡ ಅದ, ಕಂಟಿ ಒಳಗಿಂದ. ಆದರ ನಿಮ್ಮ ಗಾಡಿ…"

ಭಾವನವರು ಅವನ ಮಾತು ಮುಗಿಯಲು ಬಿಡಲಿಲ್ಲ. ಗಾಡಿಯನ್ನು ಜಾಲಿಯೊಳಗೆ ನುಗ್ಗಿಸಿದರು. ಮುಳ್ಳು ಎರಡೂ ಬದಿಗೆ ಕೆರೆಯುತ್ತ ಬಂದ ಆ ಸದ್ದು, ತಗಡನ್ನು ಉಗುರಿನಿಂದ ಗೀಚಿದ ಹಾಗೆ, ಬಹಳ ಹೊತ್ತು ನಿಲ್ಲಲೇ ಇಲ್ಲ. ಒಂದು ಟೊಂಗೆ ಅವರ ಕೆನ್ನೆಗೆ ಬಡಿದು ರಕ್ತ ಬಂತು. ಹಿಂದಿನಿಂದ ಮುದುಕ, "ಬೀರಪ್ಪ ಕಾಯಲೆಪಾ!" ಎಂದು ಎಸೆದ ಭಂಡಾರ ನಮ್ಮ ಮೇಲೂ ಗಾಡಿಯ ಮೇಲೂ ಬಿತ್ತು. ಕಂಟಿಯಿಂದ ರಸ್ತೆಗೆ ಬಿದ್ದ ಮೇಲೆ ಅವರು ಒಂದೇ ಸಮನೆ ಏನೋ ಹೇಳುತ್ತಿದ್ದರು. ನನಗೋ, ದೇವರಿಗೋ, ಗಾಡಿಗೋ. "ಆತು, ಆತು, ಬಂತು, ಬಂತು."

ದವಾಖಾನೆಯಲ್ಲಿ ನಾನು ಉಳಿದೆ. ಕೂಸು ಉಳಿಯಲಿಲ್ಲ.

ಎಚ್ಚರವಾದಾಗ ಗಂಗಕ್ಕ ಪಕ್ಕದಲ್ಲಿದ್ದಳು. ಡಾಕ್ಟರಬಾಯಿ ನನ್ನ ಕೈ ಹಿಡಿದು ಮರಾಠಿಯಲ್ಲಿ ಹೇಳಿದರು: ಕೂಸು ಬೆಳಿಗ್ಗೆಯೇ, ಅಕ್ಕಲಕೋಟದಲ್ಲೇ ಹೋಗಿಬಿಟ್ಟಿತ್ತು, ಇಲ್ಲಿಗೆ ತಂದದ್ದರಿಂದ ನೀನಾದರೂ ಉಳಿದೆ. ನಾನು ಗೋಡೆಯ ಕಡೆ ಹೊರಳಿದೆ. ಗಂಗಕ್ಕ ಹೇಳಿದಳು, "ಅವರು ಹೊರಗ ಗಾಡಿ ಹಂತ್ಯಾಕ ನೆಲದ ಮ್ಯಾಲ ಕುಂತಾರ. ಒಳಗ ಬಾ ಅಂದ್ರ ಬರವಲ್ಲರು, ಮನಿಗಿ ನಡಿ ಅಂದ್ರ ಹೋಗವಲ್ಲರು."

ನಾನು ಮನೆಗೆ ಬಂದಾಗ ಗಾಡಿ ಅಂಗಳದಲ್ಲಿ ಬೇವಿನ ಕೆಳಗೆ ನಿಂತಿತ್ತು. ಚಪ್ಪರದ ಕೆಳಗಲ್ಲ, ಬಯಲಿಗೆ. ಗವಸಣಿಕೆ ಹಾಕಿರಲಿಲ್ಲ. ಎರಡೂ ಬದಿಗೆ ಬಿಳಿಯ ಗೀರುಗಳು, ಮುಂದೆ ಒಣಗಿದ ಭಂಡಾರ, ಮೇಲೆ ಕಾಗೆಯ ಹೊಲಸು. ಕೂಡುವ ಜಾಗವನ್ನು ಮಾತ್ರ ಗಂಗಕ್ಕ ತೊಳೆದಿದ್ದಳು. ಪುಣೆಯಿಂದ ಬಣ್ಣದವನನ್ನು ಕರೆಸಿದರೆ ಹೊಸದರಂತೆ ಮಾಡಿಕೊಡುತ್ತಾನೆ ಎಂದು ನಮ್ಮವರು ಹೇಳಿದರು. "ಇರಲಿ ಬಿಡು," ಎಂದರು ಭಾವನವರು. ಬೆಳಗಿನ ಪೂಜೆ ಮುಗಿಸಿ ನೇರ ಪೇಢಿಗೆ ಹೋಗತೊಡಗಿದರು. ಕಂಬಕ್ಕೆ ಚಹಾ ಕೇಳುವುದನ್ನೂ ಬಿಟ್ಟರು. ನಾನಿದ್ದ ಕಡೆ ಕೆಮ್ಮದೆ, ಬರದೆ, ಸುತ್ತುಹಾಕಿ ಹೋಗುತ್ತಿದ್ದರು.

ಗಂಗಕ್ಕನಿಂದ ತಿಳಿಯಿತು. ಅವರಿಗೆ ನಿದ್ದೆ ಇಲ್ಲ. "ನಾ ನಿಂತೆ," ಎನ್ನುತ್ತಾರಂತೆ. "ಕೈ ಕಟ್ಕೊಂಡು ಕುಂತೆ. ಬಣ್ಣ ಕಾಯ್ಕೋತ ಕುಂತೆ."

"ಅಕ್ಕಾ, ನನ್ನ ಮನಸ್ಸಿನಾಗ ಏನೂ ಇಲ್ಲಂತ ಅವರಿಗಿ ಹೇಳ್ರಿ," ಎಂದೆ. "ಡಾಕ್ಟರಬಾಯಿ ಅಂದದ್ದು ಹೇಳ್ರಿ."

"ಹೇಳೀನವ್ವಾ. ಕೇಳಿದ್ರು. ಎದ್ದ ಪೇಢಿಗಿ ಹೋದ್ರು."

ನೀನೇ ಹೋಗಿ ಹೇಳಬಹುದಿತ್ತಲ್ಲ ಎಂದು ಇಂದಿನವರು ಕೇಳುತ್ತಾರೆ. ಆ ಮನೆಯ ಪಡಸಾಲೆಯನ್ನು ದಾಟಿ, ಅತ್ತೆಯ ಮುಂದೆ, ಭಾವನ ಎದುರಿಗೆ ನಿಂತು, ಹೆರಿಗೆಯ ಮಾತು ಆಡುವುದು! ಆ ಹತ್ತು ಹೆಜ್ಜೆ ಇಡುವ ದಾರಿ ನನಗೆ ಯಾರೂ ಕಲಿಸಿರಲಿಲ್ಲ. ಎಷ್ಟೋ ಸಲ ಬಾಗಿಲವರೆಗೆ ಬಂದು ಹೊರಳಿದ್ದೇನೆ.

"ಆ ಗಾಡಿ ಕಾಲಗುಣ ಚಲೋ ಇಲ್ಲ. ಮನಿ ಬಿಟ್ಟು ಹೋಗಲಿ," ಎಂದರು ಅತ್ತೆ. ಭಾವನವರು ಈ ಸಲ ತಾಯಿಯ ಮಾತು ಮೀರಲಿಲ್ಲ. ಪುಣೆಯ ಒಬ್ಬ ತರುಣ ಬಂದು ಕೊಂಡುಕೊಂಡ. ಒಯ್ಯುವ ದಿನ ಮಾಳಿಗೆಯ ಕಿಟಕಿಯಿಂದ ನೋಡಿದೆ. ಆತ ತನ್ನ ತೊಗಲಿನ ಚೀಲವನ್ನು ಗಾಡಿಯ ಮೂತಿಯ ಮೇಲೆ ಕುಕ್ಕಿದ. ಚೀಲದ ಕಬ್ಬಿಣದ ಬಕ್ಕಲು ಬಣ್ಣದ ಮೇಲೆ ಜಾರಿತು. ಭಾವನವರ ಕೈ ತಟ್ಟನೆ ಮುಂದೆ ಬಂತು, ಅರ್ಧಕ್ಕೆ ನಿಂತಿತು. ಆಮೇಲೆ ಆ ಕೈಯನ್ನು ಮೆಲ್ಲಗೆ ಕೋಟಿನ ಜೇಬಿಗೆ ಹಾಕಿಕೊಂಡರು. ಗಾಡಿ ಓಣಿ ತಿರುಗುವವರೆಗೂ ತೆಗೆಯಲಿಲ್ಲ.

ಮುಂದೆ ನಾವು ಬೇರೆಯಾಗಿ ದುಧನಿಗೆ ಬಂದೆವು. ನಮ್ಮವರು ಅಲ್ಲಿಯ ಪೇಟೆಯಲ್ಲಿ ಕಾಳುಕಡಿಯ ಅಡತಿ ಅಂಗಡಿ ಇಟ್ಟರು. ಅಲ್ಲಿ ನನಗೆ ಮಗಳು ಹುಟ್ಟಿದಳು. ಕೂಸನ್ನು ನೋಡಲು ಸೊಲ್ಲಾಪುರದಿಂದ ಎಲ್ಲರೂ ಬಂದು ಹೋದರು, ಭಾವನವರೊಬ್ಬರು ಬರಲಿಲ್ಲ. ಮಗಳು ನಡೆಯಲು ಕಲಿತ ಮೇಲೆ ಒಂದು ದಿನ, ಹೇಳದೆ ಕೇಳದೆ, ಬೆಳಗಿನ ರೈಲಿಗೆ ಬಂದರು. ಬಹಳ ಸೊರಗಿದ್ದರು. ಕೂಸನ್ನು ತೊಡೆಯ ಮೇಲೆ ಕೂಡಿಸಿಕೊಂಡರು. ಅದು ಅವರ ಮೂಗು ಹಿಡಿದು ಎಳೆಯಿತು, ಮುಖವೆಲ್ಲ ಪರಚಿತು. ಅವರು ಸುಮ್ಮನೆ ಕೂತಿದ್ದರು, ಕಣ್ಣು ತುಂಬಿ.

ಮಧ್ಯಾಹ್ನ ಸ್ಟೇಷನ್ನಿಗೆ ಕಳಿಸಲು ನಾನೂ ಹೋದೆ. ನಮ್ಮವರು ಟಿಕೀಟು ತರಲು ಕಿಟಕಿಗೆ ಹೋದರು. ಪ್ಲಾಟ್‌ಫಾರ್ಮಿನಲ್ಲಿ ನಾವಿಬ್ಬರೇ, ಕಂಕುಳಲ್ಲಿ ಕೂಸು. ಇಲ್ಲಿ ಅತ್ತೆ ಇರಲಿಲ್ಲ, ಪಡಸಾಲೆ ಇರಲಿಲ್ಲ. ನಾನು ಹೇಳಿದೆ.

"ಭಾವಾ, ಕೂಸು ಅಕ್ಕಲಕೋಟದಾಗ ಹೋಗಿತ್ತರಿ. ಡಾಕ್ಟರಬಾಯಿ ನನಗ ಹೇಳ್ಯಾರ. ನೀವ ನಿಂತದ್ದಕ್ಕ ಏನೂ ಆಗಿಲ್ಲರಿ."

ಅವರು ನನ್ನತ್ತ ನೋಡಿದರು. ಹಳಿಗಳ ಆಚೆ ನೋಡಿದರು.

"ನನಗ ಗೊತ್ತದ ತಂಗಿ. ನನಗೂ ಅವತ್ತ ಹೇಳ್ಯಾರ."

"ಮತ್ಯಾಕರಿ…"

"ನಾ ಗಾಡಿ ನಿಂದ್ರಸಿದಾಗ ನನಗ ಅದು ಗೊತ್ತಿರಲಿಲ್ಲಲ್ಲ."

ನಮ್ಮವರು ಟಿಕೀಟು ಹಿಡಿದು ಬಂದರು. ರೈಲೂ ಬಂತು. ಭಾವನವರು ಹತ್ತಿ ಕಿಟಕಿಯ ಬಳಿ ಕೂತು, ಕೂಸಿನ ತಲೆ ಮುಟ್ಟಿ, "ಬಿಸಲಾಗ ನಿಂದರಬ್ಯಾಡ್ರಿ, ಮನಿಗಿ ನಡೀರಿ," ಎಂದರು. ನಾನು ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಗಾಡಿ ಹೊರಟಿತು.

ಅವರು ತೀರಿಕೊಂಡ ಸುದ್ದಿ ಆ ವರ್ಷದ ದೀಪಾವಳಿಗೆ ಮೊದಲೇ ಬಂತು. ಪೇಢಿಯಲ್ಲಿ ಕೂತಲ್ಲೇ ಎದೆ ಹಿಡಿದುಕೊಂಡರಂತೆ. ಆ ಪ್ಲಾಟ್‌ಫಾರ್ಮಿನಲ್ಲಿ ಅವರಿಗೆ ಏನು ಹೇಳಬೇಕಿತ್ತು ಎಂದು ನಾನು ಇವತ್ತಿಗೂ ಹುಡುಕುತ್ತೇನೆ. ಸಿಕ್ಕಿಲ್ಲ.